ಕೆಮ್ಮದವರ ಕ್ಷಯ

ಟೆರೇಸಿಗೆ ಟೈಲ್ಸ್ ಹಾಕಲು ಬಂದವನು ತನ್ನ ಬೆಲ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಹೊಡೆದುಕೊಂಡಿದ್ದ. ಹಳೆಯ ತೂತುಗಳು ದುಂಡಗೆ ಸಾಲಾಗಿದ್ದವು. ಹೊಸವು ಅಂಕುಡೊಂಕಾಗಿ, ಅಂಚು ಹರಿದಿದ್ದವು. ಬಗ್ಗಿ ಗಾರೆ ಎಳೆಯುವಾಗ ಶರ್ಟು ಮೇಲೆ ಸರಿದು ಕಣ್ಣಿಗೆ ಬಿದ್ದವು. "ಏನಪ್ಪಾ, ಇಷ್ಟು ಇಳಿದುಹೋಗಿದೀಯಲ್ಲ" ಅಂದೆ. "ಬಿಸಿಲ್ರಿ ಸರ" ಅಂದ. ಉತ್ತರ ಕರ್ನಾಟಕದವನು, ಬೆಂಗಳೂರಿನ ಅಂಜನಾಪುರದ ಸೈಟುಗಳಲ್ಲಿ ಮನೆಗಳು ಏಳತೊಡಗಿದಾಗಿನಿಂದ ಇಲ್ಲೇ ಕೆಲಸ ಮಾಡಿಕೊಂಡಿದ್ದಾನೆ. ನಮ್ಮ ಬೀದಿಯ ಅರ್ಧ ಮನೆಗಳ ನೆಲ ಅವನ ಕೈಯದೇ.

ಮುಂದಿನ ಸಂಗತಿ ತಿಳಿದದ್ದು ನಾಲ್ಕು ತಿಂಗಳ ನಂತರ, ಅವನೇ ಹೇಳಿದಾಗ. ಅವನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ. ಕೆಲವು ವರ್ಷಗಳಿಂದ ಅವನಿಗೆ ಎಚ್‌ಐವಿ ಇದೆ. ಅದಕ್ಕೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಊರಿಗೆ ಹೋದವನು ಅರ್ಧ ವರ್ಷ ಮಾತ್ರೆ ಬಿಟ್ಟ, ಆಮೇಲೆ ಮತ್ತೆ ಶುರುಮಾಡಿದ. ಅದೇ ಹೊತ್ತಿಗೆ ಮೈ ಇಳಿಯತೊಡಗಿತು. ಕೊನೆಗೆ ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಊದಿದ ಗಂಟುಗಳು ಕಂಡವು, ಕ್ಷಯ. ಆರು ತಿಂಗಳ ಮಾತ್ರೆ ಮುಗಿಸಿ ಈಗ ಕೆಲಸಕ್ಕೆ ಬರುತ್ತಿದ್ದಾನೆ.

ಅವನು ತಂದು ತೋರಿಸಿದ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಚೀಟಿ ಇತ್ತು. ಸ್ಕ್ಯಾನಿಂಗಿಗೂ ಎರಡು ತಿಂಗಳು ಮೊದಲಿನದು. ಸುಸ್ತು, ಮೈಕೈ ನೋವು ಎಂದು ಹತ್ತಿರದ ಕ್ಲಿನಿಕ್ಕಿಗೆ ಹೋದಾಗ ಬರೆದುಕೊಟ್ಟ ರಕ್ತಪರೀಕ್ಷೆಯ ವರದಿ. ಹಿಮೋಗ್ಲೋಬಿನ್, ವಿಡಾಲ್, ಸಕ್ಕರೆ, ಕೊನೆಯ ಸಾಲಿನಲ್ಲಿ ಸಿಆರ್‌ಪಿ. ಅದರ ಅಂಕಿ ದಪ್ಪಕ್ಷರದಲ್ಲಿ, ಪಕ್ಕದಲ್ಲಿ ಮೇಲ್ಮುಖ ಬಾಣ. "ಇನ್‌ಫೆಕ್ಷನ್ ಐತಿ ಅಂತ ಐದ್ ದಿನ ಗುಳಿಗಿ ಕೊಟ್ರು" ಎಂದ. ಎಚ್‌ಐವಿ ಇದೆಯೆಂದು ಅಲ್ಲಿ ಹೇಳಿರಲಿಲ್ಲ. ಎಆರ್‌ಟಿ ಕೇಂದ್ರದ ಹಸಿರು ಪುಸ್ತಕ ಮನೆಯ ಟ್ರಂಕಿನಲ್ಲಿತ್ತು. ಆ ಪುಸ್ತಕವನ್ನೂ ಈ ಚೀಟಿಯನ್ನೂ ಯಾರಾದರೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಎಆರ್‌ಟಿ ಕೇಂದ್ರದಲ್ಲಿ ಕೇಳಲಿಲ್ಲವೇ ಎಂದರೆ, ಪ್ರತಿ ಭೇಟಿಯಲ್ಲೂ ಕೇಳುತ್ತಾರೆ. ಕೆಮ್ಮು ಇದೆಯೇ, ಜ್ವರ ಇದೆಯೇ, ತೂಕ ಇಳಿದಿದೆಯೇ, ರಾತ್ರಿ ಬೆವರುತ್ತದೆಯೇ. ಈ ನಾಲ್ಕು ಪ್ರಶ್ನೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಗೊತ್ತುಮಾಡಿತು. ಎಲ್ಲದಕ್ಕೂ "ಇಲ್ಲ" ಎಂದರೆ ಕ್ಷಯದ ಸಾಧ್ಯತೆ ಕಡಿಮೆ. ಒಂದಕ್ಕಾದರೂ "ಹೌದು" ಎಂದರೆ ಪರೀಕ್ಷೆ. ಇವನು ನಾಲ್ಕಕ್ಕೂ ಇಲ್ಲ ಅಂದಿದ್ದ. ತೂಕದ ಬಗ್ಗೆ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡ. ಹೌದೆಂದರೆ ಇನ್ನೆರಡು ದಿನ ಅಲೆದಾಟ, ಎರಡು ದಿನದ ಕೂಲಿ ಹೋಯಿತು. ಕೆಮ್ಮಿನ ವಿಷಯದಲ್ಲಿ ಮಾತ್ರ ಸುಳ್ಳಿರಲಿಲ್ಲ. "ಕೆಮ್ಮು ಎಲ್ಲೈತ್ರಿ ಸರ? ಕೆಮ್ಮಿದ್ರ ನಾನಾ ಹೋಗಿ ತೋರಸ್ತಿದ್ದೆ."

ಕೆಮ್ಮಿದರೆ ತಾನೇ ಹೋಗಿ ತೋರಿಸುತ್ತಾನೆ. ಭಾರತದ ಕ್ಷಯ ನಿಯಂತ್ರಣ ನಿಂತದ್ದು ಈ ನಂಬಿಕೆಯ ಮೇಲೆಯೇ. ಅದಕ್ಕೆ ಆಧಾರ ಒದಗಿಸಿದ್ದು ನಮ್ಮದೇ ನೆಲ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ಜವಾಹರಲಾಲ್ ನೆಹರೂ ಉದ್ಘಾಟಿಸಿದ್ದು 1960ರ ಸೆಪ್ಟೆಂಬರಿನಲ್ಲಿ. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಹಾಫ್‌ಡನ್ ಮಾಲರ್ ಆಗ ಇಲ್ಲೇ ಸಲಹೆಗಾರರಾಗಿದ್ದರು. ಆ ಕಾಲದ ಪಂಡಿತರ ಎಣಿಕೆ ಹೀಗಿತ್ತು: ಹಳ್ಳಿಗರಿಗೆ ರೋಗದ ಅರಿವಿಲ್ಲ, ಅವರಾಗಿ ಬರುವುದಿಲ್ಲ, ಎಕ್ಸ್‌ರೇ ವ್ಯಾನು ತೆಗೆದುಕೊಂಡು ನಾವೇ ಊರೂರು ತಿರುಗಬೇಕು. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್‌ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಕ್ಷಯ ಇದ್ದವರನ್ನೇ ಕೂರಿಸಿ ಮಾತಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಆ ಎಣಿಕೆಯನ್ನು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮಗೇನೋ ಆಗಿದೆ ಎಂಬುದು ಗೊತ್ತಿತ್ತು, ಮುಕ್ಕಾಲು ಪಾಲಿನಷ್ಟು ಜನಕ್ಕೆ ಅದರ ಚಿಂತೆಯೂ ಹತ್ತಿತ್ತು, ಅರ್ಧಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆ ಹುಡುಕಿಕೊಂಡು ಹೊರಟಿದ್ದರು. ಹೋದವರ ಕೈಗೆ ಕೆಮ್ಮಿನ ಔಷಧಿಯ ಸೀಸೆ ಕೊಟ್ಟು ಕಳಿಸಲಾಗಿತ್ತು.

ಹಾಗಿದ್ದರೆ ವ್ಯಾನು ಯಾಕೆ? ಬಂದವರ ಕಫ ನೋಡಿದರೆ ಸಾಕು. ಖರ್ಚು ಕಡಿಮೆ, ಕೆಲಸ ಸುಲಭ, ರೋಗಿಗೆ ಗೌರವವೂ ಉಂಟು. ಆ ಹೊತ್ತಿಗೆ ರೂಪುಗೊಳ್ಳುತ್ತಿದ್ದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಈ ತಿಳಿವಳಿಕೆಯ ಮೇಲೆಯೇ ನಿಂತಿತು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಎಂದು ಆರೋಗ್ಯ ಕೇಂದ್ರದ ಗೋಡೆಗಳಲ್ಲಿ ನಾವು ಓದುವ ಸಾಲಿನ ಬೇರು ತುಮಕೂರಿನ ಹಳ್ಳಿಗಳಲ್ಲಿದೆ. ಆ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ. ಜನ ದಡ್ಡರಲ್ಲ ಎಂದು ಅಂಕಿಯಲ್ಲಿ ತೋರಿಸಿಕೊಟ್ಟ ಅಧ್ಯಯನಗಳು ನಮ್ಮಲ್ಲಿ ಎಷ್ಟಿವೆ? ಆದರೆ ಅದು ಕೆಮ್ಮುವ ದೇಹಗಳ ಬಗೆಗಿನ ಸತ್ಯ. ಎಚ್‌ಐವಿ ಎಂಬುದೊಂದು ಆಗ ಯಾರ ಊಹೆಯಲ್ಲೂ ಇರಲಿಲ್ಲ.

ಕ್ಷಯದ ಕೆಮ್ಮು, ಕಫ, ಎಕ್ಸ್‌ರೇಯಲ್ಲಿ ಕಾಣುವ ಕುಳಿ, ಇವನ್ನೆಲ್ಲ ಬ್ಯಾಕ್ಟೀರಿಯಾ ಒಂದೇ ಮಾಡುವುದಿಲ್ಲ. ಅರ್ಧ ಕೆಲಸ ನಮ್ಮ ದೇಹದ್ದೇ. ಸಿಡಿ4 ಕಣಗಳ ಮುಂದಾಳತ್ವದಲ್ಲಿ ರೋಗನಿರೋಧಕ ಪಡೆ ಶ್ವಾಸಕೋಶದೊಳಗೆ ಬ್ಯಾಕ್ಟೀರಿಯಾವನ್ನು ಸುತ್ತುಗಟ್ಟಿ ಗಂಟು ಕಟ್ಟುತ್ತದೆ. ಕಾದಾಟದಲ್ಲಿ ಗಂಟು ಕೊಳೆತು ಒಡೆದು ಕುಳಿಯಾಗುತ್ತದೆ. ಕುಳಿ ಶ್ವಾಸನಾಳಕ್ಕೆ ತೆರೆದುಕೊಂಡಾಗ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಕಫಕ್ಕೆ ಇಳಿಯುತ್ತವೆ. ಎಚ್‌ಐವಿ ಕೊಲ್ಲುವುದು ಇದೇ ಸಿಡಿ4 ಕಣಗಳನ್ನು. ದಳಪತಿಯೇ ಇಲ್ಲದಿದ್ದರೆ ಮುತ್ತಿಗೆಯಿಲ್ಲ, ಕುಳಿಯಿಲ್ಲ, ಹೇಳಿಕೊಳ್ಳುವಂಥ ಕೆಮ್ಮೂ ಇಲ್ಲ. ಬ್ಯಾಕ್ಟೀರಿಯಾ ಸದ್ದಿಲ್ಲದೆ ರಕ್ತ ಹಿಡಿದು ದುಗ್ಧಗ್ರಂಥಿಗಳಿಗೆ, ಹೊಟ್ಟೆಗೆ, ಮಿದುಳಿನ ಪೊರೆಗೆ ಹೋಗುತ್ತದೆ. ಎಕ್ಸ್‌ರೇ ಚೊಕ್ಕವಾಗಿ ಬರಬಹುದು. ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ಬ್ಯಾಕ್ಟೀರಿಯಾ ಇಲ್ಲದಿದ್ದರೆ ಸೂಕ್ಷ್ಮದರ್ಶಕಕ್ಕೆ ಏನೂ ಕಾಣುವುದಿಲ್ಲ. ರೋಗ ಗಂಭೀರವಾದಷ್ಟೂ ಅದರ ಸದ್ದು ಕಡಿಮೆಯಾಗುವ ವಿಪರ್ಯಾಸ ಇದು.

ಇದು ಪುಸ್ತಕದ ಮಾತಷ್ಟೇ ಅಲ್ಲ. ಎಚ್‌ಐವಿ ಇದ್ದು ಸತ್ತವರ ಮರಣೋತ್ತರ ಪರೀಕ್ಷೆಗಳನ್ನು ಹಲವು ದೇಶಗಳಿಂದ ಒಟ್ಟುಗೂಡಿಸಿ 2015ರಲ್ಲಿ ಲೆಕ್ಕ ಹಾಕಿದಾಗ, ವಯಸ್ಕರಲ್ಲಿ ಹತ್ತಿರಹತ್ತಿರ ಶೇ. 40 ಮಂದಿಯ ದೇಹದಲ್ಲಿ ಕ್ಷಯ ಸಿಕ್ಕಿತು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬದುಕಿದ್ದಾಗ ಅದು ಪತ್ತೆಯೇ ಆಗಿರಲಿಲ್ಲ. ಅವರಲ್ಲಿ ಹೆಚ್ಚಿನವರು ಸತ್ತದ್ದು ಆಸ್ಪತ್ರೆಗಳಲ್ಲಿ, ವೈದ್ಯರ ಕಣ್ಣೆದುರಿಗೇ.

ಬಾಯಿ ಹೇಳದ್ದನ್ನು ರಕ್ತ ಹೇಳಬಹುದೇ?

ಸಿಆರ್‌ಪಿ ಎಂಬ ಮೂರಕ್ಷರವನ್ನು ಬೆಂಗಳೂರಿಗರಿಗೆ ಪರಿಚಯಿಸಬೇಕಿಲ್ಲ. ಕೋವಿಡ್ ಕಾಲದಲ್ಲಿ ಅದು ಮನೆಮಾತಾಗಿತ್ತು. ಕ್ರಿಕೆಟ್ ಸ್ಕೋರು ಕೇಳಿದಂತೆ "ಮಾವನ ಸಿಆರ್‌ಪಿ ಎಷ್ಟು ಬಂತು?" ಎಂದು ಕೇಳುತ್ತಿದ್ದೆವು. ಆದರೆ ಅದು ಕೋವಿಡ್‌ಗಾಗಿ ಹುಟ್ಟಿದ್ದಲ್ಲ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡರು. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದ 'ಸಿ' ಎಂಬ ಸಕ್ಕರೆ ಅಂಶಕ್ಕೆ ಅಂಟಿಕೊಳ್ಳುತ್ತಿದ್ದ ಪ್ರೋಟೀನು, ಅದಕ್ಕೇ ಸಿ-ರಿಯಾಕ್ಟಿವ್ ಪ್ರೋಟೀನ್. ಮೈಯಲ್ಲಿ ಎಲ್ಲಾದರೂ ಉರಿಯೂತ ಎದ್ದರೆ ಅಲ್ಲಿಂದ ಹೊರಟ ರಾಸಾಯನಿಕ ಕರೆಗೆ ಓಗೊಟ್ಟು ಲಿವರ್ ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಒಂದೆರಡು ದಿನದಲ್ಲಿ ನೂರಾರು ಪಟ್ಟು ಏರಲೂ ಬಲ್ಲುದು. ಇಲ್ಲಿ ಒಂದು ಮುಖ್ಯ ಅಂಶವಿದೆ. ಸಿಡಿ4 ಕುಸಿದಿದ್ದರೂ ಲಿವರಿನ ಈ ಕೆಲಸ ನಿಲ್ಲುವುದಿಲ್ಲ. ಕೆಮ್ಮು ನಿಂತುಹೋದ ದೇಹದಲ್ಲಿ ಲಿವರ್ ಮಾತ್ರ ಗಂಟೆ ಬಾರಿಸುತ್ತಲೇ ಇರುತ್ತದೆ.

ಈ ಗಂಟೆ ಎಷ್ಟು ನಂಬಿಗಸ್ತ ಎಂಬುದನ್ನು ಉಗಾಂಡಾದಲ್ಲಿ ಒರೆಗೆ ಹಚ್ಚಿದರು. ಎಚ್‌ಐವಿ ಮಾತ್ರೆ ಶುರುಮಾಡಲಿದ್ದ, ಸಿಡಿ4 350ಕ್ಕಿಂತ ಕೆಳಗಿದ್ದ 1177 ಮಂದಿಗೆ ಬೆರಳು ಚುಚ್ಚಿ ಸಿಆರ್‌ಪಿ ನೋಡಿದರು. ಎಲ್ಲರ ಕಫವನ್ನೂ ಕಲ್ಚರಿಗೆ ಕಳಿಸಿದರು. 163 ಮಂದಿಗೆ ಕ್ಷಯವಿತ್ತು. ಲೀಟರಿಗೆ ಹತ್ತು ಮಿಲಿಗ್ರಾಂ ಗಡಿ ಇಟ್ಟುಕೊಂಡರೆ ಸಿಆರ್‌ಪಿ ಅವರಲ್ಲಿ 145 ಜನರನ್ನು ಹಿಡಿಯಿತು, 18 ಮಂದಿ ತಪ್ಪಿಸಿಕೊಂಡರು. ನಾಲ್ಕು ಪ್ರಶ್ನೆಗಳು ಬಹುತೇಕ ಯಾರನ್ನೂ ಬಿಡಲಿಲ್ಲ. ಹಾಗಾದರೆ ಪ್ರಶ್ನೆಗಳೇ ಮೇಲಲ್ಲವೇ? ಇನ್ನೊಂದು ಕಡೆಯ ಲೆಕ್ಕ ನೋಡಿ. ಕ್ಷಯವಿಲ್ಲದ ಸಾವಿರ ಚಿಲ್ಲರೆ ಮಂದಿಯಲ್ಲಿ ಪ್ರಶ್ನೆಗಳು "ನಿಮಗಿಲ್ಲ, ಹೋಗಿ" ಎಂದು ಬಿಟ್ಟದ್ದು ನೂರಕ್ಕೆ ಹದಿನೈದಕ್ಕಿಂತ ಕಡಿಮೆ ಜನರನ್ನು. ಸಿಆರ್‌ಪಿ ಬಿಟ್ಟದ್ದು 72 ಜನರನ್ನು. ಅಷ್ಟೊಂದು ಕಾಯಿಲೆಯ ಜನರ ನಡುವೆ ನಾಲ್ಕು ಪ್ರಶ್ನೆಗಳ ಜರಡಿ ಜರಡಿಯೇ ಅಲ್ಲ, ಬರೀ ಬುಟ್ಟಿ.

ಮಾತ್ರೆ ನಿಯಮಿತವಾಗಿ ನುಂಗುತ್ತಿರುವವರ ನಡುವೆ ಅದೇ ಪ್ರಶ್ನೆಗಳು ಇನ್ನೊಂದು ರೀತಿಯಲ್ಲಿ ಸೋಲುತ್ತವೆ. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಮಾತ್ರೆ ಶುರುಮಾಡದವರಲ್ಲಿ ಹತ್ತಕ್ಕೆ ಎಂಟು ಕ್ಷಯಗಳನ್ನು ಹಿಡಿಯುವ ಈ ಪ್ರಶ್ನೆಗಳು ಮಾತ್ರೆಯಲ್ಲಿರುವವರಲ್ಲಿ ಹಿಡಿಯುವುದು ಐದೋ ಆರೋ. ಒಂದು ಕಡೆ ಎಲ್ಲರನ್ನೂ ಹಿಡಿಯುತ್ತವೆ, ಇನ್ನೊಂದು ಕಡೆ ಅರ್ಧ ಬಿಟ್ಟುಬಿಡುತ್ತವೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಐವಿ ಇರುವವರ ಕ್ಷಯ ತಪಾಸಣೆಗೆ ಸಿಆರ್‌ಪಿಯನ್ನೂ ಬಳಸಬಹುದೆಂದು ಹೇಳಿತು. ಲೀಟರಿಗೆ ಐದು ಮಿಲಿಗ್ರಾಂ ದಾಟಿದರೆ ಮುಂದಿನ ಪರೀಕ್ಷೆಗೆ ಕಳಿಸಿ ಎಂಬುದು ಅದರ ಸಲಹೆ.

ಸಿಆರ್‌ಪಿ ಕ್ಷಯದ ಪರೀಕ್ಷೆಯಲ್ಲ. ಇದನ್ನು ಎರಡು ಸಲ ಬರೆದರೂ ತಪ್ಪಿಲ್ಲ. ಡೆಂಗಿಯಿಂದ ಏರಬಹುದು, ಕೊಳೆತ ಹಲ್ಲಿನಿಂದ ಏರಬಹುದು, ಮೂತ್ರದ ಸೋಂಕಿನಿಂದ ಏರಬಹುದು. ಗಂಟೆ ಹೊಡೆಯುತ್ತಿದೆ ಎನ್ನುತ್ತದೆಯೇ ಹೊರತು ಬಾಗಿಲಲ್ಲಿ ಯಾರಿದ್ದಾರೆ ಎಂದು ಹೇಳುವುದಿಲ್ಲ. ನಮ್ಮ ಹಳೆಯ ವೈದ್ಯರು ಇಎಸ್‌ಆರ್ ನೋಡಿ ತಲೆಯಾಡಿಸುತ್ತಿದ್ದರಲ್ಲ, ಆ ಜಾತಿಯದೇ ಇದು, ಸ್ವಲ್ಪ ಚುರುಕು. ಇನ್ನೊಂದು ಮಿತಿಯನ್ನು ಉತ್ಸಾಹಿಗಳು ಹೇಳುವುದೇ ಇಲ್ಲ: ಅದರ ಲಾಭ ಸ್ಪಷ್ಟವಾಗಿ ಕಂಡಿರುವುದು ಹೊಸದಾಗಿ ಬಂದವರಲ್ಲಿ, ಇನ್ನೂ ಮಾತ್ರೆ ಹತ್ತದವರಲ್ಲಿ. ವರ್ಷಗಟ್ಟಲೆ ತಪ್ಪದೆ ಮಾತ್ರೆ ನುಂಗಿ ವೈರಸ್ಸನ್ನು ಅದುಮಿಟ್ಟಿರುವವರಿಗೆ ಪ್ರತಿ ತಿಂಗಳೂ ಸಿಆರ್‌ಪಿ ಮಾಡಿದರೆ ಸಿಗುವುದು ಬಹುಪಾಲು ನೆಗಡಿ, ಹಲ್ಲುನೋವು.

ರಕ್ತದಲ್ಲಿ ಕ್ಷಯ ಹುಡುಕುವ ಮಾತೆತ್ತಿದರೆ ಹಿರಿಯ ವೈದ್ಯರು ಹುಬ್ಬು ಗಂಟಿಕ್ಕುವುದಕ್ಕೂ ಕಾರಣವಿದೆ. ಹದಿನೈದು ವರ್ಷದ ಹಿಂದೆ ನಮ್ಮ ಖಾಸಗಿ ಲ್ಯಾಬುಗಳಲ್ಲಿ ಕ್ಷಯದ ಪ್ರತಿಕಾಯ ಹುಡುಕುವ ರಕ್ತಪರೀಕ್ಷೆಯ ಭರ್ಜರಿ ವ್ಯಾಪಾರವಿತ್ತು. ದೇಶದಲ್ಲಿ ವರ್ಷಕ್ಕೆ ಸುಮಾರು 15 ಲಕ್ಷ ಎಂಬ ಅಂದಾಜಿತ್ತು. ಇಲ್ಲದವರಿಗೆ ಇದೆ ಎನ್ನುತ್ತಿತ್ತು, ಇದ್ದವರಿಗೆ ಇಲ್ಲ ಎನ್ನುತ್ತಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬಳಸಲೇಬೇಡಿ ಎಂದಿತು, 2012ರಲ್ಲಿ ಭಾರತ ಸರ್ಕಾರ ನಿಷೇಧಿಸಿತು. ಆ ಪರೀಕ್ಷೆಯ ತಪ್ಪು ತೀರ್ಪು ಕೊಡಲು ಹೋದದ್ದು. ಕೆಲವು ನೂರು ರೂಪಾಯಿಯ ಸಿಆರ್‌ಪಿ ತೀರ್ಪು ಕೊಡುವುದಿಲ್ಲ, ಸಾಲಿನಲ್ಲಿ ಯಾರನ್ನು ಮುಂದೆ ಕರೆಯಬೇಕೆಂದು ಮಾತ್ರ ಹೇಳುತ್ತದೆ. ಈ ವ್ಯತ್ಯಾಸ ತಿಳಿಯದವರ ಕೈಗೆ ಸಿಆರ್‌ಪಿ ಸಿಕ್ಕಿದರೂ ಅದೇ ಅವಾಂತರವಾದೀತು. ಅಂಕಿ ನೋಡಿಯೇ ಆರು ತಿಂಗಳ ಕ್ಷಯದ ಮಾತ್ರೆ ಬರೆದುಬಿಡುವವರೂ ಇರುತ್ತಾರೆ.

ಹಾಗೆ ಬರೆದರೇನು, ಸಾಯುವ ಬದಲು ಮಾತ್ರೆ ನುಂಗಲಿ ಎನ್ನುವ ವಾದವೂ ಇದೆ. ಕೇಳಲು ಕರುಣೆಯ ಮಾತು. ಅದನ್ನೂ ಪರೀಕ್ಷಿಸಿ ನೋಡಿದ್ದಾರೆ. ಸಿಡಿ4 50ಕ್ಕಿಂತ ಕೆಳಗಿದ್ದ 850 ಜನರಲ್ಲಿ ಅರ್ಧದಷ್ಟು ಮಂದಿಗೆ ಪುರಾವೆಗೆ ಕಾಯದೆ ಪೂರ್ಣ ಕ್ಷಯ ಚಿಕಿತ್ಸೆ, ಉಳಿದವರಿಗೆ ಬರೀ ತಡೆಗಟ್ಟುವ ಐಸೋನಿಯಾಜಿಡ್. 2016ರಲ್ಲಿ ಬಂದ ಫಲಿತಾಂಶ: ಆರು ತಿಂಗಳಲ್ಲಿ ಎರಡೂ ಗುಂಪಿನಲ್ಲಿ ಸತ್ತವರು ಸರಿಸುಮಾರು ನೂರಕ್ಕೆ ಐದು. ಕಣ್ಣುಮುಚ್ಚಿ ಎಲ್ಲರಿಗೂ ಔಷಧಿ ಕೊಟ್ಟದ್ದರಿಂದ ಹೆಚ್ಚು ಜೀವ ಉಳಿಯಲಿಲ್ಲ. ಯಾರಿಗಿದೆ ಎಂದು ಕಂಡುಹಿಡಿಯುವ ಕಷ್ಟದಿಂದ ತಪ್ಪಿಸಿಕೊಳ್ಳಲು ಅಡ್ಡದಾರಿಯಿಲ್ಲ.

ಇನ್ನು ಜೀನುಗಳ ಕಥೆ. ಇದರ ಒಂದು ಎಳೆ ಬೆಂಗಳೂರಿನದೇ. ಕ್ಷಯ ಬಂದಾಗ ರಕ್ತದ ಬಿಳಿಕಣಗಳಲ್ಲಿ ಕೆಲವು ಜೀನುಗಳು ಜೋರಾಗುತ್ತವೆ, ಕೆಲವು ಮೆತ್ತಗಾಗುತ್ತವೆ. ಲಂಡನ್ನಿನ ತಂಡವೊಂದು 2010ರಲ್ಲಿ 393 ಆರ್‌ಎನ್‌ಎ ಗುರುತುಗಳ ಪಟ್ಟಿ ಕೊಟ್ಟಿತು. ಅಷ್ಟು ಉದ್ದದ ಪಟ್ಟಿ ಯಾವ ಆಸ್ಪತ್ರೆಗೂ ಆಗದು. 2017ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಾಗಸುಮಾ ಚಂದ್ರ, ಅನ್ನಪೂರ್ಣ ವ್ಯಾಕರ್ಣಂ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ದೇಹದ ಅಣುಗಳ ನಡುವಿನ ಸಂಬಂಧದ ಇಡೀ ಜಾಲವನ್ನು ಕಂಪ್ಯೂಟರಿನಲ್ಲಿ ಹೆಣೆದು, ಕ್ಷಯದ ಪೆಟ್ಟು ಎಲ್ಲಿ ಒತ್ತಾಗಿ ಬೀಳುತ್ತದೆ ಎಂದು ಹುಡುಕಿದರು. ಊರಿನಲ್ಲಿ ಗಲಾಟೆಯಾದಾಗ ಎಲ್ಲ ಬೀದಿಯಲ್ಲೂ ಸದ್ದಿರುತ್ತದೆ, ಆದರೆ ಟ್ರಾಫಿಕ್ ನಿಂತುಹೋಗುವುದು ಒಂದೆರಡು ಸರ್ಕಲ್ಲುಗಳಲ್ಲಿ. ಅಂಥ ಸರ್ಕಲ್ಲುಗಳನ್ನು ಹುಡುಕಿದಂತೆ. ಕೊನೆಗೆ ಉಳಿದವು ಹತ್ತು ಜೀನು. ಕ್ಷಯ ರೋಗಿಯನ್ನು ಆರೋಗ್ಯವಂತರಿಂದಲೂ, ಸೋಂಕು ಅಡಗಿ ಕೂತವರಿಂದಲೂ, ಬಹುಪಾಲು ಸಂದರ್ಭದಲ್ಲಿ ಬರೀ ಎಚ್‌ಐವಿ ಇರುವವರಿಂದಲೂ ಈ ಹತ್ತು ಬೇರ್ಪಡಿಸಬಲ್ಲವು ಎಂದು ಅವರು ತೋರಿಸಿದರು. ಅಮೆರಿಕದ ಸ್ಟ್ಯಾನ್‌ಫರ್ಡಿನವರು ಮೂರೇ ಜೀನಿನ ಗುರುತು ಕೊಟ್ಟರು. ಬೆರಳ ತುದಿಯ ರಕ್ತದಿಂದ ಒಂದು ಗಂಟೆಯೊಳಗೆ ಅಂಕಿ ಹೇಳುವ ಕಾರ್ಟ್ರಿಜ್ ಅದರಿಂದ ರೂಪುಗೊಂಡಿದೆ.

ಮನಸ್ಸು ಹಿಗ್ಗುತ್ತದೆ, ನಿಜ. ಆದರೆ ಎಚ್‌ಐವಿ ವಿಷಯದಲ್ಲಿ ಒಂದು ತೊಡಕಿದೆ. ಈ ಜೀನುಗಳಲ್ಲಿ ಅನೇಕವು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ರಾಸಾಯನಿಕಕ್ಕೆ ಕುಣಿಯುವಂಥವು, ಮತ್ತು ಹತೋಟಿಯಲ್ಲಿಲ್ಲದ ಎಚ್‌ಐವಿ ತಾನೇ ಇಂಟರ್‌ಫೆರಾನನ್ನು ಏರಿಸುತ್ತದೆ. ಕಳ್ಳನನ್ನು ಹಿಡಿಯಲು ಕಟ್ಟಿದ ನಾಯಿ ಮನೆಯೊಳಗಿನ ಇನ್ನೊಬ್ಬ ಕಳ್ಳನಿಗೂ ಬೊಗಳುತ್ತದೆ, ಯಾವ ಬೊಗಳು ಯಾರಿಗೆ ಎಂಬುದೇ ಗೊಂದಲ. ಮುಂದೆ ಕ್ಷಯ ಬರುವವರನ್ನು ಮೊದಲೇ ಗುರುತಿಸುವ ಆಸೆಯಲ್ಲೂ ಪಾಠವಿದೆ. ದಕ್ಷಿಣ ಆಫ್ರಿಕದ ಹದಿಹರೆಯದವರ ರಕ್ತದಿಂದ 2016ರಲ್ಲಿ ಕಂಡುಕೊಂಡ 16 ಜೀನಿನ ಗುರುತು, ರೋಗ ಕಾಣಿಸಿಕೊಳ್ಳುವ ಮೊದಲಿನ ಒಂದು ವರ್ಷದೊಳಗೆ ಮೂರರಲ್ಲಿ ಇಬ್ಬರನ್ನು ಗುರುತಿಸಿತ್ತು. ಅದನ್ನು 11ಕ್ಕೆ ಇಳಿಸಿ, ಗುರುತು ಕಂಡವರಲ್ಲಿ ಒಂದು ಗುಂಪಿಗೆ ಮೂರು ತಿಂಗಳ ತಡೆಮಾತ್ರೆ ಕೊಟ್ಟು ನೋಡಿದರು. 2021ರಲ್ಲಿ ಬಂದ ಉತ್ತರ: ಕ್ಷಯ ಕಡಿಮೆಯಾಗಲಿಲ್ಲ. ರಕ್ತ ಸತ್ಯವನ್ನೇ ಹೇಳಿತ್ತು, ಆ ಸತ್ಯಕ್ಕೆ ತಕ್ಕ ಮದ್ದು ನಮ್ಮ ಕೈಯಲ್ಲಿರಲಿಲ್ಲ.

ಅಂಜನಾಪುರದ ಎಂಬತ್ತಡಿ ರಸ್ತೆಯ ಸ್ಯಾಂಪಲ್ ಕಲೆಕ್ಷನ್ ಸೆಂಟರಿನಲ್ಲಿ ಕೂತು ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಹುಡುಗಿ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ಎರಡು ಟ್ಯೂಬು ತುಂಬುತ್ತಾಳೆ. ನೇರಳೆ ಮುಚ್ಚಳದ್ದು ಕಣ ಎಣಿಸಲಿಕ್ಕೆ, ಹಳದಿ ಮುಚ್ಚಳದ್ದು ಸೀರಮ್ಮಿಗೆ. ಸಿಆರ್‌ಪಿ ಹಳದಿಯದು. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬೈಕಿನ ಹಿಂದೆ ಜಯನಗರಕ್ಕೋ ಜೆ.ಪಿ. ನಗರಕ್ಕೋ ಹೋಗುತ್ತದೆ, ಕೋಣನಕುಂಟೆ ಕ್ರಾಸಿನ ಜಾಮ್ ಅದಕ್ಕೆ ಲೆಕ್ಕಕ್ಕಿಲ್ಲ. ಆರ್‌ಎನ್‌ಎ ಹಾಗಲ್ಲ, ರಕ್ತ ಹೊರಬಂದೊಡನೆ ಕರಗತೊಡಗುತ್ತದೆ. ಅದಕ್ಕೆ ಬೇರೆಯದೇ ದ್ರಾವಣದ ಟ್ಯೂಬು ಬೇಕು, ಇಲ್ಲವೇ ಯಂತ್ರ ಪಕ್ಕದಲ್ಲೇ ಇರಬೇಕು. ಹಾಗಾಗಿ ಜೀನಿನ ಪರೀಕ್ಷೆ ನಾಳೆಯದು, ಹಳದಿ ಮುಚ್ಚಳ ಇವತ್ತಿನದು. ನಾಳೆಯದು ಬರಲೆಂದು ಇವತ್ತಿನದನ್ನು ಬಿಟ್ಟು ಕೂರುವುದು ಜಾಣತನವಲ್ಲ.

ಎಕ್ಸ್‌ರೇ ಇದೆಯಲ್ಲ ಎನ್ನುವವರಿಗೆ ನನ್ನ ತಕರಾರಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಿಕ್ಕ ಕ್ಷಯ ರೋಗಿಗಳಲ್ಲಿ ಶೇ. 42.6 ಮಂದಿ ಎಕ್ಸ್‌ರೇಯಿಂದಷ್ಟೇ ಬೆಳಕಿಗೆ ಬಂದವರು. ಲಕ್ಷಣ ಕೇಳಿದ್ದರೆ ಅವರೆಲ್ಲ ತಪ್ಪುತ್ತಿದ್ದರು. ಕೆಮ್ಮಿಲ್ಲದ ಕ್ಷಯ ಎಚ್‌ಐವಿ ಇಲ್ಲದವರಲ್ಲೂ ಇಷ್ಟಿದೆ ಎಂದ ಮೇಲೆ ತುಮಕೂರಿನ ಸೂತ್ರ ಎಲ್ಲರಿಗೂ ಸಾಲದಾಗಿದೆ ಎಂದಾಯಿತು. ಆದರೆ ಎಚ್‌ಐವಿ ಇರುವವರ ಎಕ್ಸ್‌ರೇ ಎಷ್ಟೋ ಸಲ ಚೊಕ್ಕ. ಎಲ್ಲರ ಕಫವನ್ನೂ ಕ್ಷಯ ಪತ್ತೆಯ ಟ್ರೂನಾಟ್ ಯಂತ್ರಕ್ಕೆ ಹಾಕಿ ಎಂದರೆ, ಕೆಮ್ಮೇ ಇಲ್ಲದವನು ಕಫ ಎಲ್ಲಿಂದ ತರುತ್ತಾನೆ? ಡಬ್ಬಿ ಹಿಡಿದು ಆಸ್ಪತ್ರೆಯ ಹಿಂದಿನ ಗೋಡೆಯ ಬಳಿ ನಿಂತು ಕ್ಯಾಕರಿಸಿ ಕೊನೆಗೆ ಎಂಜಲು ತುಂಬಿಸಿಕೊಟ್ಟು ಬಂದವರನ್ನು ಕೇಳಿ. ರಕ್ತ ಕೊಡುವುದರಲ್ಲಿ ಆ ಪೇಚಾಟವಿಲ್ಲ. ಎಆರ್‌ಟಿ ಕೇಂದ್ರಕ್ಕೆ ಬರುವವರು ಸಿಡಿ4ಗೆ, ವೈರಲ್ ಲೋಡಿಗೆ ಹೇಗೂ ತೋಳು ಒಡ್ಡುತ್ತಾರೆ. ಸೂಜಿ ಒಳಗಿರುವಾಗಲೇ ಇನ್ನೊಂದು ಟ್ಯೂಬು.

ಹಾಗಾದರೆ ಸಿಆರ್‌ಪಿ ಯಾರಿಗೆ? ಹೊಸದಾಗಿ ಹೆಸರು ನೋಂದಾಯಿಸಿದವರಿಗೆ, ಮಾತ್ರೆ ಬಿಟ್ಟು ಮರಳಿ ಬಂದವರಿಗೆ, ವೈರಲ್ ಲೋಡ್ ಏರಿದವರಿಗೆ. ನಮ್ಮ ಟೈಲ್ಸ್ ಕೆಲಸದವನು ಇಂಥವನೇ. ಐದು ದಾಟಿದರೆ ಅದೇ ದಿನ ಎಕ್ಸ್‌ರೇ, ಬಂದಷ್ಟು ಕಫ. ಸಿಡಿ4 ತೀರಾ ಕಡಿಮೆಯಿದ್ದರೆ ಮೂತ್ರದಲ್ಲಿ ಕ್ಷಯದ ಬ್ಯಾಕ್ಟೀರಿಯಾದ ಅಂಶ ಹುಡುಕುವ ಪಟ್ಟಿ ಪರೀಕ್ಷೆ, ಇಪ್ಪತ್ತೈದು ನಿಮಿಷದ ಕೆಲಸ. ಐದರೊಳಗಿದ್ದು ಲಕ್ಷಣವೂ ಇಲ್ಲದಿದ್ದರೆ ಅದೇ ದಿನ ತಡೆಗಟ್ಟುವ ಮಾತ್ರೆ ಶುರು. ಈ ಕೊನೆಯದು ಸಿಆರ್‌ಪಿಯ ದೊಡ್ಡ ಉಪಕಾರ ಎಂದು ನನಗನ್ನಿಸುತ್ತದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ಒಳಗೆ ಕ್ಷಯ ಅಡಗಿರಬಹುದು, ಒಂದೇ ಔಷಧಿ ಕೊಟ್ಟರೆ ಬ್ಯಾಕ್ಟೀರಿಯಾ ಅದಕ್ಕೆ ಪಳಗಿಬಿಡಬಹುದು ಎಂಬ ಅಳುಕಿನಿಂದ ವೈದ್ಯರು ತಡೆಮಾತ್ರೆ ಕೊಡಲು ಹಿಂಜರಿಯುತ್ತಾರೆ. ಐದಕ್ಕಿಂತ ಕೆಳಗಿನ ಅಂಕಿ ಆ ಅಳುಕನ್ನು ಪೂರ್ತಿ ಅಲ್ಲದಿದ್ದರೂ ಸಾಕಷ್ಟು ಇಳಿಸುತ್ತದೆ.

ತುಮಕೂರಿನ ಅಧ್ಯಯನದಲ್ಲಿ ಎರಡು ಪಾಠಗಳಿದ್ದವು, ನಾವು ಒಂದನ್ನೇ ಎತ್ತಿಕೊಂಡೆವು. ಜನ ತಾವಾಗಿ ಬರುತ್ತಾರೆ ಎಂಬುದನ್ನು ನೆನಪಿಟ್ಟೆವು. ಬಂದವರಿಗೆ ಸೀಸೆ ಕೊಟ್ಟು ಕಳಿಸುತ್ತೇವೆ ಎಂಬುದನ್ನು ಮರೆತೆವು. ಪ್ಲಾಸ್ಟಿಕ್ ಕವರಿನಲ್ಲಿದ್ದ ಆ ಚೀಟಿ ಅರವತ್ತು ವರ್ಷದ ಹಿಂದಿನ ಕೆಮ್ಮಿನ ಸೀಸೆಯ ಹೊಸ ಅವತಾರ. ಸೂಚಕ ಸಿಕ್ಕಿತ್ತು, ಬಾಣದ ಗುರುತೂ ಬಿದ್ದಿತ್ತು. ಓದಬೇಕಾದವರಿಗೆ ಎಚ್‌ಐವಿ ಗೊತ್ತಿರಲಿಲ್ಲ, ಎಚ್‌ಐವಿ ಗೊತ್ತಿದ್ದವರಿಗೆ ಚೀಟಿ ಸಿಗಲಿಲ್ಲ. ಅವನು ಹೇಳಬೇಕಿತ್ತು ಎನ್ನುವುದು ಸುಲಭ. 2017ರ ಎಚ್‌ಐವಿ ಕಾಯ್ದೆ ಬಾಯಿಬಿಡದೆ ಇರುವ ಹಕ್ಕನ್ನು ಅವನಿಗೆ ಕೊಟ್ಟಿದೆ, ಸರಿಯಾಗಿಯೇ ಕೊಟ್ಟಿದೆ; ಬಾಡಿಗೆಗಿರುವ ವಠಾರದಲ್ಲಿ ಸುದ್ದಿ ಹಬ್ಬಿದರೆ ಏನಾಗುತ್ತದೆಂದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದ್ದರಿಂದಲೇ ಸಿಆರ್‌ಪಿ ಆಗಬೇಕಾದ್ದು ಬೀದಿಯ ಕ್ಲಿನಿಕ್ಕಿನಲ್ಲಿ ಅಲ್ಲ, ಗುಟ್ಟು ಮೊದಲೇ ಗೊತ್ತಿರುವ ಎಆರ್‌ಟಿ ಕೇಂದ್ರದಲ್ಲಿ. ಅಲ್ಲಿ ಅವನು ಹೊಸದಾಗಿ ಏನನ್ನೂ ಹೇಳಿಕೊಳ್ಳಬೇಕಿಲ್ಲ. ಅಲ್ಲಿನ ಬಿಳಿ ಕಾರ್ಡಿನಲ್ಲಿ ತೂಕಕ್ಕೊಂದು ಕಾಲಮ್ ಇದೆ, ಸಿಡಿ4ಗೊಂದು ಇದೆ. ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದರೆ ಜಾಗ ಸಾಕು.

ಹೀಗೆಲ್ಲ ಬರೆಯುತ್ತೇನೆ ಎಂದಾಗ ಅವನು ತಲೆಯಾಡಿಸಿ ಕೇಳಿದ: "ಅಲ್ರಿ ಸರ, ಆ ರಿಪೋರ್ಟ್ ಬರಾಕ ಎಷ್ಟ್ ದಿನ? ಅವತ್ತಾ ಕೊಡ್ತಾರೇನು, ಮತ್ತ ಬಾ ಅಂತಾರೇನು?" ಬೆರಳು ಚುಚ್ಚುವ ಯಂತ್ರವಾದರೆ ಕೆಲವೇ ನಿಮಿಷ, ಟ್ಯೂಬಿನದಾದರೆ ಸಂಜೆಗೆ ಅಥವಾ ಮಾರನೆಯ ದಿನ ಎಂದೆ. ಕೈಯಲ್ಲಿದ್ದ ಕರಣೆಯನ್ನು ಬಕೆಟ್ಟಿನ ನೀರಿಗೆ ಅದ್ದುತ್ತ, "ಹಂಗಾದ್ರ ಚುಚ್ಚೂದ ಬರೀರಿ" ಅಂದ.